ಠರಾವು ನಂಬರ ನಾಕು

ಅಕ್ಕಲಕೋಟ ತಾಲೂಕಾ ನರ್ಸ್ ಸಂಘದ ಸಭೆ,
ಎರಡನೇ ಶನಿವಾರ, ಮಧ್ಯಾಹ್ನ ಮೂರು.
ಜಾಗ: ಮೈಂದರ್ಗಿ ದವಾಖಾನೆಯ ಹಿಂದೆ
ಲಸಿಕೆಯ ಫ್ರಿಜ್ ಇಡುವ ಖೋಲಿ.
ಹಾಜರಿದ್ದವರು ಹನ್ನೊಂದು. ಒಬ್ಬಳ ಮಡಿಲಲ್ಲಿ ಕೂಸು,
ಅದನ್ನು ಎಣಿಸಿಲ್ಲ.
ಬರೆದುಕೊಂಡವಳು ನಾನು, ಕಾರ್ಯದರ್ಶಿ,
ಶಶಿಕಲಾ ಬಿರಾಜದಾರ. ಸಹಿ ಇದೆ.

ಮೊದಲನೆಯದು ತೊಳೆಯುವ ಭತ್ತೆ.
ಬಿಳಿ ಸೀರೆಯ ಕಲೆಗೆಂದು ಸರ್ಕಾರ ಕೊಡುವ ದುಡ್ಡಿಗೆ
ಒಂದು ಸಾಬೂನು ಬರುತ್ತದೆ; ಕಲೆ ಹೋಗಲು ಮೂರು ಬೇಕು.
ಎಲ್ಲರೂ ಒಪ್ಪಿದರು.
ಎರಡನೆಯದು ಬಾಕಿ ಪಗಾರ. ಅದಕ್ಕೂ ಒಪ್ಪಿದರು.
ಮೂರನೆಯದು ವರ್ಗಾವಣೆ, ಜಗಳವಾಯಿತು.
ಜಗಳ ಬರೆಯಬೇಡ ಅಂದರು, ಬರೆದಿಲ್ಲ.

ಆಮೇಲೆ ಜಿಲ್ಲೆಯಿಂದ ಬಂದ ಹಾಳೆ ಓದಿದೆ.
ದಿಲ್ಲಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಮರಾಠಿ ಕಲಿತು,
ಸೊಲ್ಲಾಪುರದಲ್ಲಿ ಮೊಹರು ಬಡಿಸಿಕೊಂಡು
ನಮ್ಮ ಕೈಗೆ ಬಂದ ದೇಶದ ಗುರಿ:
ರಕ್ತಹೀನತೆ ಇಷ್ಟಕ್ಕೆ ಇಳಿಯಬೇಕು, ಇಷ್ಟು ವರ್ಷದೊಳಗೆ,
ಬಾಣಂತಿಯರ ಸಾವು ಇಷ್ಟಕ್ಕೆ.
ಕೊನೆಯ ಸಾಲಿನಲ್ಲಿ ನಮ್ಮ ತಾಲೂಕಿಗೆ ಶಾಭಾಷ್:
ಕಬ್ಬಿಣದ ಗುಳಿಗೆ ಹಂಚಿದ್ದು ನೂರಕ್ಕೆ ನೂರು.
ಚಪ್ಪಾಳೆ ತಟ್ಟಿದೆವು. ಕೂಸು ಎದ್ದು ಅತ್ತಿತು.

ತಟ್ಟದವಳು ಕಸ್ತೂರಬಾಯಿ ಹತ್ತೂರೆ.
ಇನ್ನು ಏಳು ತಿಂಗಳಿಗೆ ನಿವೃತ್ತಿ;
ಸಭೆಗೆ ಬಂದರೆ ಚಹಾ ಕುಡಿದು ಹೋಗುವವಳು.
ಚೀಲದಿಂದ ಒಂದು ಉಪ್ಪಿನ ಡಬ್ಬಿ ತೆಗೆದು
ಹಾಳೆಯ ಮೇಲೆ ಸುರುವಿದಳು.
ಕೆಂಪು ಗುಳಿಗೆ. ನೂರಾ ಎಪ್ಪತ್ತೇಳು.
"ಎಣಿಸೀನಿ" ಅಂದಳು.

"ಮಾಳವ್ವಂದು ಇವು. ನಾಗಣಸೂರ ಹಾದ್ಯಾಗಿನ ತೋಟದಾಕಿ.
ಆರು ಸಲ ಬಂದಳು, ಮೂವತ್ತ ಮೂವತ್ತ ಕೊಟ್ಟೀನಿ,
ಆರೂ ಟಿಕ್ ನಾನ ಹಾಕೀನಿ.
ಮೂರ ದಿನ ನುಂಗಿದಳಂತ. ಹೊರಕಡಿ ಕರ್ರಗಾತಂತ.
ಹೊಟ್ಟ್ಯಾಗಿನ ಕೂಸು ಸುಡಾಕತ್ತದ ಅಂತ ಅಂಜಿ
ಡಬ್ಬ್ಯಾಗ ತುಂಬಿಟ್ಟಾಳ.
ಅಂಜಬ್ಯಾಡ ಅಂತ ಚೀಟ್ಯಾಗ ಬರದಿತ್ತು, ಮರಾಠ್ಯಾಗ.
ಬಾಯಿಲೆ ಹೇಳಬೇಕಾಗಿತ್ತು ನಾನು.
ಸಾಲು ಬಾಗಲತನಕ ಇತ್ತು."

ಹೆರುವ ದಿನ ಆಕೆಯ ರಕ್ತ ಆರೂವರೆ.
ಸೊಲ್ಲಾಪುರಕ್ಕೆ ಒಯ್ಯುವಾಗ, ವಳಸಂಗ ದಾಟುವ ಮೊದಲೇ,
ಚಾದರ ತೊಯ್ದು, ಕಸ್ತೂರಬಾಯಿಯ ಸೀರೆ ತೊಯ್ದು...
ಬದುಕಿದಳು. ಮೂರು ಬಾಟಲಿ;
ಒಂದು ಡ್ರೈವರ ಮೌಲಾಲಿಯದು.
ಗುರಿಯ ಲೆಕ್ಕದಲ್ಲಿ ಅದು ಸಾವಲ್ಲ, ಹಾಗಾಗಿ ಏನೂ ಅಲ್ಲ.
ಆ ಸೀರೆ ಇನ್ನೂ ನೆನೆಹಾಕಿದೆ ಎಂದಳು,
ಠರಾವು ಒಂದಕ್ಕೆ ಅದನ್ನೂ ಸೇರಿಸಿಕೋ ಎಂದಳು.

ಖಜಾಂಚಿ ಪ್ರಮೀಳಾ ಕಾಂಬಳೆ ಕೇಳಿದಳು:
ಇದು ಸಂಘದ ಕೆಲಸವೇನು?
ಗುರಿ ಅವರದು, ಗುಳಿಗೆ ಅವರದು, ಚೀಟಿ ಅವರದು.
ಬಾಯಿ ಹಾಕಿದರೆ ನೂರು ಹೋಗಿ ನಲವತ್ತಾಗುತ್ತದೆ,
ಮೆಮೊ ಮಾತ್ರ ನಮ್ಮದು.
ತಪ್ಪು ಅನ್ನಲಾಗಲಿಲ್ಲ. ಹೋದ ವರ್ಷ ನನಗೆ ಬಂದಿತ್ತು.
ಫ್ರಿಜ್ ಒಮ್ಮೆ ಗುರ್ರೆಂದು ಸುಮ್ಮನಾಯಿತು.
ನನ್ನ ರಜಿಸ್ಟರಿನಲ್ಲೂ ಟಿಕ್‌ಗಳಿವೆ, ಒಂದರ ಕೆಳಗೊಂದು,
ಮಕ್ಕಳು ಬರೆಯುವ ಹಕ್ಕಿಗಳ ಹಾಗೆ,
ಕಾಲಿಲ್ಲ, ಕಣ್ಣಿಲ್ಲ.

ನಾಕನೆಯದು ಹೀಗೆ ಬರೆದೆ:
ಚೀಟಿ ಕನ್ನಡದಲ್ಲೂ ಅಚ್ಚಾಗಬೇಕು.
'ಹಂಚಿದ್ದು' ಎಂಬ ಕಾಲಮ್ಮಿನ ಪಕ್ಕ
'ನುಂಗಿದ್ದು' ಎಂಬ ಇನ್ನೊಂದು ಬೇಕು.
ನೂರು ಇಳಿದರೆ ಇಳಿಯಲಿ. ಮೆಮೊ ಬಂದರೆ
ಒಬ್ಬಳ ಹೆಸರಿಗಲ್ಲ, ಸಂಘದ ಹೆಸರಿಗೆ ಬರಲಿ.
ಕೈ ಎತ್ತಿದವರು ಎಂಟು, ತುಸು ತಡೆದು ಒಂಬತ್ತು.
ಪ್ರಮೀಳಾ ಎತ್ತಲಿಲ್ಲ.
ಆದರೆ ಅರ್ಜಿಯನ್ನು ಮರಾಠಿಗೆ ತಂದುಕೊಟ್ಟವಳು ಅವಳೇ,
ನನ್ನ ಕಾಗುಣಿತಕ್ಕೆ ನಗುತ್ತ, ಸಾಲು ಸಾಲು ಹೊಡೆದುಹಾಕುತ್ತ.
'ಕಾಳಜಿ'ಯನ್ನು ಮುಟ್ಟಲಿಲ್ಲ,
ಎರಡೂ ಕಡೆ ಅದೇ ಶಬ್ದ.

ಉತ್ತರ ಬಂದಿಲ್ಲ. ಎರಡು ಸಭೆ ಆದವು.

ಸೋಮವಾರ ಬಸುರಿಯರ ದಿನ.
ಸ್ಕೇಲು ಇಟ್ಟು, ರಜಿಸ್ಟರಿನ ಅಂಚಿಗೆ
ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಂಡಿದ್ದೇನೆ.
ಎದುರಿಗೆ ಹತ್ತೊಂಬತ್ತರ ಹುಡುಗಿ, ಸೆರಗು ಹಲ್ಲಲ್ಲಿ ಕಚ್ಚಿ.
ಎಷ್ಟು ನುಂಗಿದಿ ಎಂದು ಮೊದಲೇ ಕೇಳುವುದಿಲ್ಲ.
ಕಿಟಕಿಯ ಕಡೆ ತಿರುಗಿಸಿ,
ನಾಲಗಿ ತೋರ್ಸವ್ವಾ, ಅನ್ನುತ್ತೇನೆ.