ಬಲಗಡೆ ನೋಡಿ

ಕಾರವಾರದಿಂದ ಹೊರಟವರು ನಾವು ಹತ್ತೊಂಬತ್ತು ಜನ.
ವಾಮನ ರಾಯ್ಕರರ ಚೀಲದಲ್ಲಿ ಒಣಸಿಗಡಿ ಚಟ್ನಿ,
ಎರಡು ವಿಮಾನ ಹತ್ತಿಳಿದರೂ ಡಬ್ಬಿ ತೆರೆದಿರಲಿಲ್ಲ,
ವಾಸನೆ ಮಾತ್ರ ನಮಗಿಂತ ಮುಂಚೆ ಭೂತಾನ ತಲುಪಿತ್ತು.
ಫೆಲಿಸಿಯಾ ಟೀಚರ್ ಹೆಜ್ಜೆಹೆಜ್ಜೆಗೆ ತಲೆ ಎಣಿಸಿ
ಪ್ರತಿ ಸಲ ಹದಿನೆಂಟು ಬಂದು ಗಾಬರಿಯಾಗಿ
ಕೊನೆಗೆ ತಮ್ಮನ್ನೂ ಸೇರಿಸಿಕೊಳ್ಳುವರು.

ಚೋಕಿ ಅಂತ ಹುಡುಗಿ ನಮ್ಮ ಗೈಡು.
ಸೀರಿಯಲ್ಲು ನೋಡಿ ಕಲಿತ ಹಿಂದಿ,
ನಮ್ಮ ಹಿಂದಿಗಿಂತ ಚೊಕ್ಕ.
ಮಡಚಿದ ಕಿತ್ತಳೆ ಕೊಡೆ ಎತ್ತಿ ಅವಳು ನಡೆದರೆ
ಹಿಂದೆ ನಾವು ಬಾತುಕೋಳಿಗಳು,
ಮಂಡಿನೋವಿನ ಬಾತುಕೋಳಿಗಳು.
‘ಎಡಗಡೆ ನೋಡಿ, ನಾನೂರು ವರ್ಷದ ಗುಡಿ.
ಬಲಗಡೆ ನೋಡಿ, ಹೋದ ವರ್ಷದ ಮಾಲು.
ಒಳಗೆ ಫೋಟೋ ಬೇಡ.’
ಯಾವುದರ ಒಳಗೆ ಅಂತ ಹೇಳಲಿಲ್ಲ.
ಎರಡರಲ್ಲೂ ನಾವು ಕೈಕಟ್ಟಿ ನಿಂತೆವು.

ಬೆಣ್ಣೆದೀಪಗಳಿಗೆ ಈಗ ಹೊರಗೆ ಗಾಜಿನ ಗೂಡು,
ಬೆಂಕಿಯ ಹೆದರಿಕೆಗೆ.
ಬುದ್ಧನ ಮುಂದೆ ಸೀರಿಯಲ್ ಬಲ್ಬು,
ನಮ್ಮ ಕೋಡಿಬಾಗ ಪೆಂಡಾಲಿನ ಥರದ್ದೇ, ಮಿಣಮಿಣ.
ಮೂರು ದಿನ ಕುಣಿಯುವ ಮುಖವಾಡದ ಕುಣಿತ
ಹೋಟೆಲ್ಲಿನ ಹುಲ್ಲಿನ ಮೇಲೆ ನಮಗಾಗಿ ನಲವತ್ತು ನಿಮಿಷ.
ಕುಣಿದು ಮುಗಿಸಿ ಮುಖವಾಡ ತೆಗೆದ ಜಿಂಕೆ,
ಬೆಳಿಗ್ಗೆ ಬಿಸಿನೀರು ತಂದಿಟ್ಟ ಹುಡುಗ.
ಬೆವರುತ್ತಿದ್ದ. ಚಪ್ಪಾಳೆಗೆ ನಾಚಿ
ಜಿಂಕೆಯ ಮೋರೆ ಕಂಕುಳಲ್ಲಿ ಅಡಗಿಸಿಕೊಂಡ.

ಡ್ರೈವರ್ ಉಗ್ಯೆನ್‌ಗೆ ರಾಯ್ಕರರು ಚಟ್ನಿ ಕೊಟ್ಟರು.
ನೆಕ್ಕಿದ. ಕಣ್ಣಲ್ಲಿ ನೀರು.
‘ಸಮುದ್ರ ಅಂದರೆ ಇಷ್ಟು ಖಾರವಾ?’ ಅಂದ.

ಐದನೇ ದಿನ. ನದಿಯ ತಿರುವು. ಸಿಮೆಂಟಿನ ಧೂಳು,
ಗುಡ್ಡದ ಹೊಟ್ಟೆಯೊಳಗೆ ಲಾರಿಗಳು.
ಚೋಕಿ ಬಲಗಡೆ ನೋಡಿ ಅನ್ನಲಿಲ್ಲ.
ಅವಳೇ ಬಲಗಡೆ ನೋಡುತ್ತಿದ್ದಳು.
ಮೈಕು ಬಾಯಿಂದ ಇಳಿಸಿ, ಮುಂದಿನ ಸೀಟಿನ ನನಗಷ್ಟೇ ಕೇಳುವಂತೆ,
‘ಅಜ್ಜಿಯ ಕೆಂಪಕ್ಕಿ ಗದ್ದೆ ಅಲ್ಲಿತ್ತು.
ಕಾರ್ಯಕ್ರಮದಲ್ಲಿ ಇಲ್ಲ ಅದು.
ನಾನೂ ಇರುವುದಿಲ್ಲ, ಬರುವ ತಿಂಗಳು ಪರ್ತ್‌ಗೆ.
ಮುದುಕರನ್ನು ನೋಡಿಕೊಳ್ಳುವ ಕೆಲಸ.’

ಹೇಳಬೇಕಿತ್ತು ನಾನು.
ಹುಡುಗಿ, ನನ್ನದು ಅರ್ಗಾ.
ಬಾವಿ, ಹೊಗೆಹಿಡಿದ ದೇವರ ಗೂಡು, ರಂಪಣಿ ಎಳೆದ ಮರಳು,
ಎಲ್ಲ ಈಗ ನೌಕಾನೆಲೆಯ ಗೋಡೆಯ ಆಚೆ,
ಒಳಗೆ ಫೋಟೋ ಬೇಡ ಅಂತ ಅಲ್ಲೂ ಬರೆದಿದೆ.
ಹೇಳುವಷ್ಟು ಹಿಂದಿ ಬರಲಿಲ್ಲ ನನಗೆ.
ಅಥವಾ ಹಿಂದಿ ಬರಲಿಲ್ಲ ಅಂದುಕೊಂಡು ಸುಮ್ಮನಾದೆ.
ಶೇಂಗಾ ಚಿಕ್ಕಿ ಮುರಿದು ಅರ್ಧ ಕೊಟ್ಟೆ.
ತಿಂದಳು. ಮೈಕು ಎತ್ತಿದಳು.
‘ಮುಂದಿನ ನಿಲ್ದಾಣದಲ್ಲಿ ಶೌಚಾಲಯ ಸ್ವಚ್ಛವಾಗಿದೆ.’

ತಂದಿದ್ದು ಒಂದು ಸರ ಮಂತ್ರದ ಬಾವುಟ, ಐದು ಬಣ್ಣ.
ಗಾಳಿ ಓದಿಕೊಳ್ಳುತ್ತದಂತೆ.
ಕಾಲೊನಿಯ ಮನೆಯ ಟೆರೇಸಿನಲ್ಲಿ
ಒಣಹಾಕಿದ ಬಂಗಡೆಯ ಮೇಲೆ ಕಟ್ಟಿದೆ.
ಕಾಗೆ ಬರುವುದು ಕಡಿಮೆಯಾಗಿದೆ.
ಪಾಪ ಬರುತ್ತದೋ ಏನೋ, ಯಾರನ್ನು ಕೇಳುವುದು.

ನಿನ್ನೆ ಅಂಕೋಲೆ ಬಸ್ಸು.
ಪಕ್ಕದಲ್ಲಿ ತಂಗಿಯ ಮೊಮ್ಮಗಳು ಇಂಚರಾ, ರಜೆಗೆ ಬಂದವಳು.
ಬಿಣಗಾ ದಾಟಿದ್ದೇ ಶುರುವಾಯಿತು ಗೋಡೆ,
ಎಷ್ಟು ಹೊತ್ತಾದರೂ ಮುಗಿಯದ ಗೋಡೆ.
ನನ್ನ ಕೈಯಲ್ಲಿ ಕೊಡೆ ಇತ್ತು. ಕಪ್ಪು, ಒಂದು ಕಡ್ಡಿ ಮುರಿದದ್ದು.
ಹೇಗೋ ಮೇಲೆದ್ದಿತು ಅದು.
‘ಬಲಗಡೆ ನೋಡಿ’ ಅಂದೆ,
ಬಹುವಚನದಲ್ಲಿ, ಇಡೀ ಬಸ್ಸಿಗೆ.
‘ಈ ಗೋಡೆಯ ಆಚೆ ಮೂರನೇ ತೆಂಗಿಗೆ ನಮ್ಮ ಜಗಲಿ.
ಅಲ್ಲಿ ಅಬ್ಬೆ ಬಲೆಯ ಹರಕು ಹೊಲಿಯುತ್ತಿದ್ದಳು,
ಮೀನಿಗಲ್ಲ, ಸೌತೆ ಬಳ್ಳಿ ಹಬ್ಬಿಸಲಿಕ್ಕೆ.’

ಕಂಡಕ್ಟರ್ ಚಿಲ್ಲರೆ ಎಣಿಸುವುದು ನಿಲ್ಲಿಸಿದ.
ಇಂಚರಾ ಮೋರೆ ಕಿಟಕಿಗೆ ಒತ್ತಿಕೊಂಡಳು,
ನಾಚಿಕೆಗೋ, ನೋಡಲಿಕ್ಕೋ.
ಹಿಂದಿನ ಸೀಟಿನಿಂದ ಹಾಲಕ್ಕಿಯ ಮುದುಕಿಯೊಬ್ಬಳು,
ಕೊರಳತುಂಬ ಮಣಿಸರ, ಮಡಿಲಲ್ಲಿ ಬಸಳೆಯ ಕಟ್ಟು,
‘ಮೂರನೇದಲ್ಲ, ನಾಲ್ಕನೇದು’ ಅಂದಳು.
‘ಮೂರನೇ ತೆಂಗು ಸಿಡಿಲಿಗೆ ಹೋಗಿತ್ತು, ನೆನಪಿಲ್ಲವಾ ನಿನಗೆ?’