ಅನುಭವ ಪತ್ರ

ಮಸ್ಜಿದ್ ಬಂದರಿನ ಗಲ್ಲಿಯಲ್ಲಿ
ಮೆಣಸಿನಕಾಯಿ ಘಾಟಿಗೆ ಸೀನುತ್ತ ನಿಂತಿದ್ದೇನೆ,
ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು.
ಅದರೊಳಗೆ ನಾನು, ಮೂರು ಕಾಗುಣಿತದಲ್ಲಿ:
ಅಂಕಪಟ್ಟಿಯಲ್ಲಿ ನೀಲಾಂಬಿಕಾ,
ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಮುಂದೆ, ನನ್ನದು ಹಿಂದೆ,
ಪ್ಯಾನಿನಲ್ಲಿ ನಿಲಂಬಿಕಾ.
ನಿಲಂಬಿತ ಎಂದರೆ ಮರಾಠಿಯಲ್ಲಿ ಅಮಾನತಾದವಳು,
ಆಫೀಸಿನಲ್ಲಿ ಇನ್ನೂ ನಗುತ್ತಾರೆ.
ಮೂವರೂ ಒಬ್ಬಳೇ ಎಂದು
ಕಲ್ಯಾಣದ ನೋಟರಿ ಇನ್ನೂರು ರೂಪಾಯಿಗೆ ಒಪ್ಪಿದ್ದಾನೆ.

ಆ ದೇಶಕ್ಕೆ ಲೆಕ್ಕಿಗರು ಬೇಕಂತೆ.
ವಯಸ್ಸಿಗೆ ಇಷ್ಟು ಅಂಕ, ಇಂಗ್ಲಿಷಿಗೆ ಇಷ್ಟು,
ಅನುಭವಕ್ಕೆ ವರ್ಷದ ಲೆಕ್ಕ.
ಅಕ್ಟೋಬರಿಗೆ ನನಗೆ ನಲವತ್ತು,
ಒಂದಿಷ್ಟು ಅಂಕ ಕಳಚಿ ಬೀಳುತ್ತದೆ.
ಹದಿನೇಳು ವರ್ಷ ಫ್ಯಾನು, ಕಪಾಟು, ಟೆಂಪೋಗಳಿಗೆಲ್ಲ
ಸವಕಳಿ ಬರೆದವಳು;
ನನಗೂ ಒಂದು ದರ ಇದೆಯೆಂದು ಗೊತ್ತಿರಲಿಲ್ಲ.

ಉಳಿದ ಕಾಗದವೆಲ್ಲ ಸಿಕ್ಕಿತು.
ಸಿಗದಿದ್ದದ್ದು ಮೊದಲ ಮೂರು ವರ್ಷ:
ಗಾಲಾ ಸೇಠರ ಧಾನ್ಯದ ಪೇಢಿ,
ಸಂಬಳ ಲಕೋಟೆಯಲ್ಲಿ, ರಜೆ ಬಾಯಿಮಾತಿನಲ್ಲಿ.
ಪೇಢಿ ಮುಚ್ಚಿ ಆರು ವರ್ಷ.

"ನಿಲೂಬೇನ್," ಎಂದರು ಸೇಠರು.
ಅದು ನಾಲ್ಕನೆಯ ಹೆಸರು, ಅದಕ್ಕೆ ನೋಟರಿ ಮಾಡಿಸಿಲ್ಲ.
"ಏನು ಕೆಲಸ ಮಾಡ್ತಿದ್ದೆ ಅಂತ ನೀನೇ ಬರಿ. ಸಹಿ ನಂದು."

ಬರೆದೆ, ಅವರು ಕೇಳುವ ಮಾತಿನಲ್ಲಿ:
ಹಣಕಾಸು ವರದಿಗಳ ತಯಾರಿ, ಆಂತರಿಕ ನಿಯಂತ್ರಣ,
ನಗದು ಹರಿವಿನ ಮುನ್ನಂದಾಜು.
ಹೌದು, ಮಾಡಿದ್ದು ಅದೇ ಇರಬೇಕು.
ತೊಗರಿಯ ಲಾರಿ ಲಾತೂರಿನಾಚೆ ಕೆಟ್ಟು ನಿಂತಾಗ
ಯಾರ ಚೆಕ್ಕು ಎರಡು ದಿನ ತಡೆಯಬೇಕೆಂದು ಹೇಳುತ್ತಿದ್ದೆ.
ಮುನೀಮರ ಕನ್ನಡಕ ಒಡೆದ ವಾರ
ನಾನು ಕೀರ್ದಿ ಓದುತ್ತಿದ್ದೆ,
ಅವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೂಡಿಸುತ್ತಿದ್ದರು,
ಒಂದು ಪೈಸೆ ತಪ್ಪಲಿಲ್ಲ.
ಅದಕ್ಕೆ ಆ ದೇಶದ ಪಟ್ಟಿಯಲ್ಲಿ ಸಂಖ್ಯೆ ಇಲ್ಲ.

ಸೇಠರು ಎದ್ದು
ಕೆಂಪು ಬಟ್ಟೆಯ ಹಳೆಯ ಖಾತೆಪುಸ್ತಕ ತೆಗೆದು
ಧೂಳು ಕೂಡ ಕೊಡವದೆ ಬೆರಳಿಟ್ಟರು.
ಅಮಾನತು ಖಾತೆ. ಮೂವತ್ತನಾಲ್ಕು ರೂಪಾಯಿ.
ನನ್ನದೇ ಅಕ್ಷರ.
ಆ ಮಾರ್ಚ್ ಮೂವತ್ತೊಂದರ ರಾತ್ರಿ
ಎಷ್ಟು ಹುಡುಕಿದರೂ ತಾಳೆಯಾಗದ ಫರಕನ್ನು
ಕೊನೆಯ ಕರ್ಜತ್ ಗಾಡಿ ತಪ್ಪೀತೆಂದು
ಅಲ್ಲಿ ಮಲಗಿಸಿ ಓಡಿದ್ದೆ.
"ನನಗೆ ಮರುದಿನವೇ ಗೊತ್ತಾಯ್ತು.
ಅಲ್ಲಿ ಫರಕು ಬಂದರೆ ಏನು ಮಾಡ್ತಿ?"
ಹುಡುಕ್ತೀನಿ, ಎಂದೆ.
"ಗಾಡಿ ತಪ್ಪಿದರೆ?"

ಕೆಳಗೆ ಹಮಾಲರು ದಾರಿ ದಾರಿ ಎಂದು ಕೂಗುತ್ತಿದ್ದರು.

ಇದ್ದದ್ದು ಒಂದೇ ಲೆಟರ್‌ಹೆಡ್, ಅಂಚು ಹಳದಿ,
ಏಳಂಕಿಯ ಕಾಲದ ಫೋನ್ ನಂಬರು.
ಝೆರಾಕ್ಸ್ ಅಂಗಡಿಯವನು ಅದನ್ನು ಹೂವಿನಂತೆ ಮೆಷಿನ್ನಿಗಿಟ್ಟ.
ಸೇಠರು ಅಭ್ಯಾಸದ ಮೇಲೆ ನೆತ್ತಿಯಲ್ಲೊಂದು ಶ್ರೀ ಬರೆದು
ಆಮೇಲೆ ಸಹಿ ಹಾಕಿದರು.
ಕೈ ನಡುಗಿ ಕೊನೆಯ ಗೀಟು
ಕಾಗದದ ಅಂಚಿನವರೆಗೂ ಹೋಯಿತು.

ಹೆಂಗಸರ ಡಬ್ಬಿಯಲ್ಲಿ ಫೈಲನ್ನು ತಲೆಯ ಮೇಲೆತ್ತಿ
ಮುಂಬ್ರಾದವರೆಗೂ ನಿಂತೆ.
ಬಟಾಣಿ ಸುಲಿಯುತ್ತಿದ್ದವಳು ಕೇಳಿದಳು:
"ಎಕ್ಸ್‌ರೇನಾ? ಯಾರಿಗೆ ಹುಷಾರಿಲ್ಲ?"

ರಾತ್ರಿ ಡೊಂಬಿವಲಿಯಲ್ಲಿ ಪತ್ರ ಏರಲಿಲ್ಲ,
ತೂಕ ಜಾಸ್ತಿಯಂತೆ. ಕುಗ್ಗಿಸಿದೆ.
ಇನ್ನೊಮ್ಮೆ ಕುಗ್ಗಿಸಿದೆ.
ನಡುಕ ಅಳಿಸಿ ಸಹಿ ನೆಟ್ಟಗಾಯಿತು,
ಶ್ರೀ ಒಂದು ಚುಕ್ಕೆ.
ಸ್ವೀಕರಿಸಲಾಗಿದೆ, ಎಂದಿತು ಪರದೆ.

ಆಗ ನೆನಪಾಯಿತು. ಸುತಳಿ!
ಚೀಲ ಹೊಲಿಯಲು ಎರಡುಂಡೆ ಸುತಳಿ, ಮೂವತ್ತನಾಲ್ಕು ರೂಪಾಯಿ;
ಚೀಟಿ ನನ್ನ ಪರ್ಸಿನಲ್ಲೇ ಉಳಿದಿತ್ತು,
ಪಾಸಿನ ಹಿಂದೆ.

ಹೇಳಬೇಕು. ಹನ್ನೆರಡಕ್ಕೆ ಹತ್ತು ನಿಮಿಷ,
ಸೇಠರು ಮಲಗಿರುತ್ತಾರೆ.
ಪತ್ರದ ಮೇಲಿನ ಆ ಏಳಂಕಿಯ ನಂಬರು
ಹೇಗೂ ಯಾರಿಗೂ ಹೋಗುವುದಿಲ್ಲ.