ಗಡಸು ನೀರು

ಸುಂಟಿಕೊಪ್ಪದ ಬೀರಾನ್‌ಕುಟ್ಟಿ ಕ್ಷೌರದಂಗಡಿ ಮುಚ್ಚಿದಾಗ
ಕುರ್ಚಿ ಎರಡೂ ಕುಶಾಲನಗರಕ್ಕೆ ಹೋದವು,
ಕನ್ನಡಿ ಅವನ ಅಳಿಯನಿಗೆ,
ಮೂರಡಿ ಉದ್ದದ ಮೀನಿನ ತೊಟ್ಟಿ ನನಗೆ.
ಒಂಬೈನೂರು ರೂಪಾಯಿ. ಜೀಪಿನ ಬಾಡಿಗೆ ಬೇರೆ.
"ಗಾಜಿಗೆ ಗೀರೊಂದಿದೆ, ಮೊದಲೇ ಹೇಳ್ತೇನೆ" ಎಂದ,
ಹುಡುಗನ ಸಾಲ ಒಪ್ಪಿಕೊಳ್ಳುವ
ಮದುವೆ ದಲ್ಲಾಳಿಯ ಹಾಗೆ.

ಕಾಫಿ ಒಣಗಿಸುವ ಕಣದಲ್ಲಿಟ್ಟು ನೀರು ತುಂಬಿಸಿದೆ.
ಎರಡನೇ ಬೆಳಿಗ್ಗೆ ಎಡಮೂಲೆ ಬೆವರಿತ್ತು.
ಬ್ಲೇಡು ಹಿಡಿದು ಹಳೆ ಅಂಟು ಕೆರೆದೆ,
ಕೆರೆದಷ್ಟೂ ಕೂದಲು:
ಕಪ್ಪು, ನರೆ, ಬಣ್ಣ ಹಚ್ಚಿದ್ದು,
ಯಾವುದೋ ಕೂಸಿನ ಮೊದಲ ಮುಡಿಯ ಎಳೆಯಂಥದೂ ಒಂದು.
ಊರಿಗೆ ಊರೇ ಆ ಅಂಚಿನಲ್ಲಿ ಸಿಕ್ಕಿಕೊಂಡಿತ್ತು.
ಹೊಸ ಸಿಲಿಕಾನ್ ಬಳಿದೆ. ಬಿಳಿ ಕಲೆಗೆ ವಿನಿಗರ್ ಹಾಕಿ ಉಜ್ಜಿದೆ.
ಗೀರು ಮಾತ್ರ ಗೀರಾಗಿಯೇ ಉಳಿಯಿತು.

ನನ್ನ ಕೆಲಸ ಮಣ್ಣು ನೋಡುವುದು.
ತೋಟದವರು ಚೀಲದಲ್ಲಿ ಹಿಡಿ ಮಣ್ಣು ತರುತ್ತಾರೆ.
"ಹುಳಿ ಜಾಸ್ತಿ ಉತ್ತಯ್ಯನವರೇ, ಎಕರೆಗೆ ಇಷ್ಟು ಸುಣ್ಣ",
ಇಪ್ಪತ್ತೆರಡು ವರ್ಷ ಹೀಗೇ ಬರೆದುಕೊಟ್ಟಿದ್ದೇನೆ.
ನಮ್ಮ ಬಾವಿಯ ನೀರಿಗೆ ಕಾಗದ ಅದ್ದಿದ್ದು ಇದೇ ಮೊದಲು.
ಹುಳಿ. ಮೆದು.
ಬೇಳೆ ಬೇಗ ಬೇಯುವ, ಸೋಪು ಸುಮ್ಮಸುಮ್ಮನೆ ನೊರೆಯಾಗುವ ನೀರು.
ನಾನು ಆಸೆಪಟ್ಟ ಸಿಕ್ಲಿಡ್ ಮೀನು
ಆಫ್ರಿಕದ ಯಾವುದೋ ಸರೋವರದ್ದು,
ಕಲ್ಲು ಕರಗಿದ ಗಡಸು ನೀರಲ್ಲಿ ಹುಟ್ಟಿ ಬೆಳೆದದ್ದು.
ನಮ್ಮ ಒಳ್ಳೆಯತನವೇ ಅದಕ್ಕೆ ಕಾಯಿಲೆ.

ಹಾರಂಗಿಯಿಂದ ಹೊತ್ತು ತಂದ ಕಲ್ಲಿಗೆ
ವಿನಿಗರ್ ತೊಟ್ಟಿಕ್ಕಿದರೆ ಸುಮ್ಮನಿತ್ತು.
ಬೀರಾನ್‌ಕುಟ್ಟಿಯ ಹೆಂಡತಿ ಕಳಿಸಿದ
ಕಲ್ಲುಮ್ಮಕ್ಕಾಯಿಯ ಚಿಪ್ಪು ಬುಸುಗುಟ್ಟಿತು.
ಅವರ ಮನೆಯ ಎಷ್ಟು ಭಾನುವಾರದ ಊಟವೋ,
ಒರಳಲ್ಲಿ ಜಜ್ಜಿ, ಹಳೆ ಕಾಲುಚೀಲದಲ್ಲಿ ಕಟ್ಟಿ ಇಳಿಬಿಟ್ಟೆ.

ಆಮೇಲೆ ಆರು ವಾರ
ಮೀನಿಲ್ಲದ ತೊಟ್ಟಿಗೆ ಊಟ ಹಾಕಿದೆ.
ದಿನಾ ಸಂಜೆ ಒಂದು ಚಿಟಿಕೆ. ಕೊಳೆಯಲಿ ಅಂತಲೇ.
ಕಣ್ಣಿಗೆ ಕಾಣದವು ಮೊದಲು ಬಂದು ಸಂಸಾರ ಹೂಡಬೇಕಂತೆ,
ವಿಷವನ್ನೇ ಉಂಡು ಬದುಕುವವು.
ಪಕ್ಕದ ಮನೆಯ ಬೊಳ್ಳಮ್ಮ ಬಗ್ಗಿ ನೋಡಿ "ಎಲ್ಲಿ?" ಅಂದಳು.
"ಬರ್ತಾವೆ."
ಮುಂದಿನ ವಾರವೂ "ಎಲ್ಲಿ?"
ಆಮೇಲೆ ಕೇಳುವುದು ಬಿಟ್ಟು ನನ್ನ ಮುಖ ನೋಡತೊಡಗಿದಳು.
ನನಗೆ ಆ ನೋಟ ಹೊಸದಲ್ಲ.
ಮದುವೆಯಾದ ಐದಾರು ವರ್ಷ
ಅವಳೇ, ಅದೇ ಬೇಲಿಯಿಂದ.

ಮೈಸೂರಿನಿಂದ ಆರು ಹಳದಿ ಮೀನು
ಬಸ್ಸಿನಲ್ಲಿ ನನ್ನ ತೊಡೆಯೇರಿ ಬಂದವು.
ಚೀಲ ಅಲುಗಿದ್ದಕ್ಕೆ ಕಂಡಕ್ಟರು ಬೆಚ್ಚಿದ, ಅಷ್ಟೆ.
ಬಂದ ರಾತ್ರಿಯೇ ಒಂದು ಗಂಡು
ನನ್ನ ಜೋಡಣೆಯೆಲ್ಲ ತಪ್ಪೆಂದು ತೀರ್ಮಾನಿಸಿ
ಬಾಯ್ತುಂಬ ಮರಳು ಹೊತ್ತು ಆಚೆ ಉಗುಳಿತು,
ಬೆಳಗಿನವರೆಗೆ ಉಗುಳಿತು.
ಕಲ್ಲೊಂದು ಪಕ್ಕಕ್ಕೆ ವಾಲಿತು. ಹಾಗೇ ಬಿಟ್ಟೆ.

ನಾಲ್ಕನೇ ತಿಂಗಳು ಒಂದು ಹೆಣ್ಣು ಅನ್ನ ಬಿಟ್ಟಿತು.
ಗೀರಿನ ಹಿಂದೆ ಹೋಗಿ ನಿಂತಿತು, ಗಂಟಲು ಊದಿತ್ತು.
ನೀರು ನೋಡಿದೆ: ಸರಿಯಿದೆ. ಮತ್ತೆ ನೋಡಿದೆ.
ಉಪ್ಪು ಹಾಕಲೇ? ಬೇರೆ ಇಡಲೇ?
ಫೋನಿನಲ್ಲಿ ಬೀರಾನ್‌ಕುಟ್ಟಿ ನಕ್ಕ ನಗೆಗೆ
ಕಿವಿಯಿಂದ ದೂರ ಹಿಡಿಯಬೇಕಾಯಿತು.
"ಟಾರ್ಚು ಹಾಕಿ ಬಾಯಿ ನೋಡಿ ಮೇಡಂ."

ಕಾಲು ಗಂಟೆ ಕಾಯಿಸಿ
ಒಂದು ಕ್ಷಣ ತುಟಿ ಬಿಚ್ಚಿತು.
ಒಳಗಿಂದ ಕಣ್ಣುಗಳು.
ಸಾಸಿವೆಯಷ್ಟು ಕಣ್ಣುಗಳು, ನನ್ನತ್ತಲೇ.
ಎಣಿಸುವಷ್ಟರಲ್ಲಿ ಮುಚ್ಚಿಕೊಂಡಿತು.

ಅಷ್ಟರಲ್ಲಿ ಕರೆಂಟು ಹೋಯಿತು.
ಬ್ಯಾಟರಿಯ ಪಂಪು ಹಚ್ಚಿ
ಕತ್ತಲಲ್ಲಿ ಗುಳ್ಳೆಗಳ ಸದ್ದು ಕೇಳುತ್ತ ಕೂತೆ.
ಬೇಲಿಯಾಚೆಯಿಂದ ಬೊಳ್ಳಮ್ಮ ಕೂಗಿದಳು,
ಮೀನು ಹೇಗಿವೆ, ಎಲ್ಲ ಸರಿಯಾ.
ಹ್ಞೂಂ ಅಂದೆ,
ಬಾಯಿ ತೆರೆಯದೆ.